ಕಟಕಟೆಯಲ್ಲಿ ನಿಂತದ್ದು ಇವಳೋ? ಅವನೋ?

ಕೋರ್ಟ್ ಸೀನ್ ಅಂದ್ರೆ ಸಾಕು, ನಮ್ಮ ಪ್ರೇಕ್ಷಕ ಮಹಾಶಯ ಕುರ್ಚಿಯ ತುದಿಗೆ ಬಂದುಬಿಡ್ತಾನೆ! ಕರಿ ಕೋಟು, ಭಗವದ್ಗೀತೆಯ ಮೇಲೆ ಕೈ, ಸುತ್ತಿಗೆ ಕುಟ್ಟುವ ಜಡ್ಜ್ ಸಾಹೇಬರು, ಕೊನೇ ಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ಓಡಿ ಬರುವ ಸಾಕ್ಷಿ... ಇಷ್ಟಿದ್ದರೆ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಸಿಳ್ಳೆ ಗ್ಯಾರಂಟಿ. ಇನ್ನು ನಿಂತಿರುವ ಆಸಾಮಿ ಯಾರು ಅನ್ನೋದೇ ಗೊಂದಲವಾದರಂತೂ ಕೇಳಲೇಬೇಡಿ. ೧೯೭೮ರ 'ಶಂಕರ್ ಗುರು'ವಿನಲ್ಲಿ ಅಣ್ಣಾವ್ರು ಒಬ್ಬರಲ್ಲ, ಮೂವರು! ೧೯೮೧ರ 'ಅಂತ'ದಲ್ಲಿ ಅಂಬರೀಷ್ ಪೊಲೀಸ್ ಅಧಿಕಾರಿಯೂ ಹೌದು, ಅವನಂತೆಯೇ ಇರುವ ಪಾತಕಿ ಕನ್ವರ್‌ಲಾಲನೂ ಹೌದು; ಅಧಿಕಾರಿ ಪಾತಕಿಯ ವೇಷ ಹಾಕಿ ವೈರಿಗಳ ಗುಹೆಗೇ ನುಗ್ಗುತ್ತಾನೆ. ನಮಗಿದೆಲ್ಲ ನೀರು ಕುಡಿದಷ್ಟು ಸಲೀಸು. ಮುಖ ಒಂದೇ, ಮನುಷ್ಯರು ಇಬ್ಬರು. ಅರ್ಥವಾಯ್ತು ಬಿಡಿ ಸ್ವಾಮಿ!

ಈಗ ಇದನ್ನೇ ಉಲ್ಟಾ ಮಾಡಿ. ಮುಖ ಎರಡು, ಮೈ ಎರಡು. ಒಬ್ಬ ಮುದುಕ, ಒಬ್ಬಳು ಹರೆಯದ ಹುಡುಗಿ. ಆದರೆ ಒಳಗಿರುವ ನೆನಪು ಮಾತ್ರ ಒಂದೇ! ಆ ಮುದುಕ ಮಾಡಿದ ಅಂತ ಹೇಳೋ ಕೊಲೆಗೆ ಈ ಹುಡುಗಿಯನ್ನು ಕಟಕಟೆ ಹತ್ತಿಸಿದರೆ?

ಈ ತಲೆ ತಿರುಗಿಸುವ ಪ್ರಶ್ನೆ ಎತ್ತಿದ್ದು ಅಮೆರಿಕದ ಒಂದು ಟೀವಿ ಧಾರಾವಾಹಿ. 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಅಂತ. ೧೯೯೩ರ ಜನವರಿಯಲ್ಲಿ ಶುರುವಾಗಿ ೧೯೯೯ರವರೆಗೆ ಏಳು ಸೀಸನ್ ಓಡಿತು. ಹಳೇ 'ಸ್ಟಾರ್ ಟ್ರೆಕ್' ನಿಮ್ಮ ಅಪ್ಪಂದಿರಿಗೆ ನೆನಪಿರಬಹುದು. ಚೂಪು ಕಿವಿಯ ಸ್ಪಾಕ್ ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನಕ್ಕೂ ಬಂದು ಹೋಗಿದ್ದ. ಅದರಲ್ಲಿ ಒಂದು ಹಡಗು ನಕ್ಷತ್ರದಿಂದ ನಕ್ಷತ್ರಕ್ಕೆ ಸುತ್ತುತ್ತಿತ್ತು. ಇದರಲ್ಲಿ ಸುತ್ತಾಟ ಕಡಿಮೆ. ಬಾಹ್ಯಾಕಾಶದ ಮಧ್ಯೆ ಒಂದು ನಿಲ್ದಾಣ, ಅಷ್ಟೆ. ಹಡಗುಗಳು ಬರುತ್ತವೆ, ಜನ ಇಳಿಯುತ್ತಾರೆ, ಹತ್ತುತ್ತಾರೆ, ಕುಡಿಯುತ್ತಾರೆ, ಜೂಜಾಡುತ್ತಾರೆ, ಕದ್ದ ಮಾಲು ಮಾರುತ್ತಾರೆ. ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡನ್ನು ಎತ್ತಿ ಆಕಾಶದಲ್ಲಿ ಇಟ್ಟ ಹಾಗೆ ಅಂದ್ಕೊಳ್ಳಿ. ಈ ಪತ್ರಿಕೆ ಕೊಂಡು ಬಸ್ಸಿಗೆ ಕಾಯುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ನಿಲ್ದಾಣದಲ್ಲಿ ಜಾಡ್ಜಿಯಾ ಡ್ಯಾಕ್ಸ್ ಅಂತ ಒಬ್ಬಳು ವಿಜ್ಞಾನಿ. ಪಾತ್ರಧಾರಿ ಟೆರ್ರಿ ಫ್ಯಾರೆಲ್. ಎತ್ತರದ ನಿಲುವು, ಹಣೆಯ ಪಕ್ಕದಿಂದ ಕುತ್ತಿಗೆಯವರೆಗೆ ಇಳಿದ ಕಂದು ಚುಕ್ಕೆಗಳ ಸಾಲು. ಏನ್ ಚೆಲುವೆ ಅಂತೀರಿ! ಆದರೆ ಕಣ್ಣು ಮಿಟುಕಿಸುವ ಮುಂಚೆ ಸ್ವಲ್ಪ ತಡೀರಿ. ಇವಳು 'ಟ್ರಿಲ್' ಜನಾಂಗದವಳು. ಆ ಜನಾಂಗದಲ್ಲಿ ಕೆಲವೇ ಕೆಲವರ ಹೊಟ್ಟೆಯೊಳಗೆ ಇನ್ನೊಂದು ಜೀವವನ್ನು ಇಡುತ್ತಾರೆ. ಆ ಜೀವಕ್ಕೆ ಆಯುಸ್ಸು ಜಾಸ್ತಿ. ಹೊತ್ತುಕೊಂಡ ಮನುಷ್ಯ ಸತ್ತರೆ ಅದನ್ನು ತೆಗೆದು ಬೇರೊಬ್ಬರ ಹೊಟ್ಟೆಗೆ. ಒಂದು ಸಲ ಕೂಡಿಕೊಂಡರೆ ಎರಡರ ಮನಸ್ಸೂ ಒಂದಾಗಿಬಿಡುತ್ತೆ; ಆಮೇಲೆ ಬೇರ್ಪಡಿಸಿದರೆ ಹೊತ್ತ ಮನುಷ್ಯ ಉಳಿಯೋದಿಲ್ಲ. ಜಾಡ್ಜಿಯಾಳ ಒಳಗಿರುವ 'ಡ್ಯಾಕ್ಸ್'ಗೆ ಮುನ್ನೂರು ವರ್ಷ ದಾಟಿದೆ. ಅದು ಹಿಂದೆ ಕರ್ಜನ್ ಎಂಬ ಗಂಡಸಿನ ಒಳಗಿತ್ತು. (ಬಂಗಾಳ ಒಡೆದ ಲಾರ್ಡ್ ಕರ್ಜನ್ ಅಲ್ಲ ಮಾರಾಯ್ರೇ, ಇವನು ಬೇರೆ!) ಈ ಕರ್ಜನ್ ದೊಡ್ಡ ರಾಯಭಾರಿ, ಅಷ್ಟೇ ದೊಡ್ಡ ಗುಂಡಿನ ಪ್ರಿಯ, ಹೆಂಗಸರ ಸಹವಾಸವೂ ಧಾರಾಳ. ನಿಲ್ದಾಣದ ಕಮಾಂಡರ್ ಸಿಸ್ಕೋಗೆ ಅವನೇ ಗುರು. ಹಾಗಾಗಿ ಸಿಸ್ಕೋ ಈ ಹುಡುಗಿಯನ್ನು ಈಗಲೂ 'ಮುದುಕಪ್ಪ' ಅಂತಲೇ ಕರೆಯೋದು!

ನಾನು ಹೇಳಹೊರಟ ಕಂತಿನ ಹೆಸರು ಬರೀ 'ಡ್ಯಾಕ್ಸ್'. ೧೯೯೩ರ ಫೆಬ್ರವರಿಯಲ್ಲಿ ಪ್ರಸಾರವಾದದ್ದು. ನಿರ್ದೇಶಕ ಡೇವಿಡ್ ಕಾರ್ಸನ್. ಚಿತ್ರಕಥೆ ಬರೆದವರಲ್ಲಿ ಒಬ್ಬರು ಡಿ.ಸಿ. ಫಾಂಟಾನಾ, ಅರವತ್ತರ ದಶಕದ ಮೂಲ 'ಸ್ಟಾರ್ ಟ್ರೆಕ್'ಗೇ ಬರೆದ ಹೆಣ್ಣುಮಗಳು. ಇನ್ನೊಬ್ಬರು ಪೀಟರ್ ಅಲನ್ ಫೀಲ್ಡ್ಸ್.

ಕತೆ ಕೇಳಿ. ರಾತ್ರಿ ಹೊತ್ತು ಜಾಡ್ಜಿಯಾ ಒಬ್ಬಳೇ ಹೋಗುವಾಗ ಕೆಲವರು ಬಂದು ಎತ್ತಿಹಾಕಿಕೊಂಡು ಹೊರಟೇಬಿಡುತ್ತಾರೆ. ಬಿಡಿಸಲು ಹೋದ ಡಾಕ್ಟರ್‌ಗೂ ಒದೆ! ಹಡಗು ಹಾರುವ ಮುಂಚೆ ಹಿಡಿದರು ಅನ್ನಿ. ಹಿಡಿದು ನೋಡಿದರೆ ಅವರು ಕಿಡ್ನಾಪರ್‌ಗಳಲ್ಲ, ವಾರಂಟ್ ಹಿಡಿದು ಬಂದವರು! ಕ್ಲೇಸ್ಟ್ರಾನ್ ಎಂಬ ಲೋಕದ ಐಲಾನ್ ಟಾಂಡ್ರೊ. ಮೂವತ್ತು ವರ್ಷದ ಹಿಂದೆ ಅಲ್ಲಿ ಅಂತರ್ಯುದ್ಧ ನಡೆದಾಗ ಇವನ ಅಪ್ಪ ಜನರಲ್ ಟಾಂಡ್ರೊ ದಂಡನಾಯಕ. ಯಾರೋ ಒಳಗಿನವರೇ ಬಂಡುಕೋರರಿಗೆ ಗುಟ್ಟಾಗಿ ಸಂದೇಶ ಕಳಿಸಿದರು, ಜನರಲ್ ಸತ್ತ. ಇವತ್ತು ಆತ ಇಡೀ ಲೋಕಕ್ಕೇ ಹುತಾತ್ಮ. ಸಂದೇಶ ಕಳಿಸಿದ ದ್ರೋಹಿ ಕರ್ಜನ್ ಡ್ಯಾಕ್ಸೇ ಅನ್ನೋದು ಮಗನ ವಾದ. ಕರ್ಜನ್ ಸತ್ತಿದ್ದಾನೆ, ಡ್ಯಾಕ್ಸ್ ಬದುಕಿದೆಯಲ್ಲ? ಕೊಡಿ ಅದನ್ನ. ಶಿಕ್ಷೆ? ಮರಣದಂಡನೆ!

ನಿಲ್ದಾಣ ಬಜೋರ್ ಎಂಬ ಲೋಕಕ್ಕೆ ಸೇರಿದ್ದು. ಬಜೋರ್‌ಗೂ ಕ್ಲೇಸ್ಟ್ರಾನ್‌ಗೂ ಆರೋಪಿಯನ್ನು ಒಪ್ಪಿಸುವ ಒಪ್ಪಂದವಿಲ್ಲ. ಈ ಒಂದು ತಂತು ಹಿಡಿದು ವಿಚಾರಣೆ ಗಿಟ್ಟಿಸುತ್ತಾರೆ. ಕೋರ್ಟ್ ಎಲ್ಲಿ ಗೊತ್ತೇ? ಬಾರ್‌ನಲ್ಲಿ! ಕ್ವಾರ್ಕ್ ಎಂಬುವನ ಜೂಜುಕಟ್ಟೆಯನ್ನು ಅವತ್ತಿಗೆ ಮುಚ್ಚಿಸಿ ಅಲ್ಲೇ ನ್ಯಾಯಪೀಠ. ಜಡ್ಜ್ ರೆನೋರಾ ಅಂತ ನೂರು ವರ್ಷದ ಅಜ್ಜಿ. ನನ್ನ ಹತ್ತಿರ ವ್ಯರ್ಥ ಮಾಡೋಕೆ ಟೈಮಿಲ್ಲ, ಚುರುಕಾಗಿ ಮಾತಾಡಿ ಅಂತ ಬಂದ ಕೂಡಲೇ ಇಬ್ಬರಿಗೂ ಗದರುತ್ತಾಳೆ. ಪಾತ್ರ ಮಾಡಿದಾಕೆ ಆನ್ ಹೇನಿ. ಅದೇ ವರ್ಷದ 'ಮಿಸೆಸ್ ಡೌಟ್‌ಫೈರ್'ನಲ್ಲೂ ಇದ್ದಾಳೆ, ನಮ್ಮ ಕಮಲ್ ಹಾಸನ್‌ರ 'ಅವ್ವೈ ಷಣ್ಮುಖಿ'ಗೆ ಸ್ಫೂರ್ತಿಯಾದ ಚಿತ್ರ. ಆ ಅಜ್ಜಿಯ ಗತ್ತು ನೋಡಲಿಕ್ಕೇ ಇನ್ನೊಂದು ಸಲ ಈ ಕಂತು ಹಾಕಬಹುದು.

ಸಿಸ್ಕೋ ಎಸೆಯುವ ಮೊದಲ ಚೆಂಡೇ ಸಿಕ್ಸರ್. ಕೊಲೆಯಾಗಿದ್ದು ಮೂವತ್ತು ವರ್ಷದ ಹಿಂದೆ. ಜಾಡ್ಜಿಯಾಗೆ ವಯಸ್ಸು ಇಪ್ಪತ್ತೆಂಟು. ಹುಟ್ಟೋಕೆ ಮುಂಚೆ ಕೊಲೆ ಮಾಡಿದಳೇ? ಟಾಂಡ್ರೊ ಬಿಡ್ತಾನೆಯೇ? ಒಳಗಿರೋ ಜೀವ ಅದೇ ತಾನೇ, ನೆನಪೂ ಅದೇ ತಾನೇ, ಮೈ ಬದಲಾಯಿಸಿಬಿಟ್ಟರೆ ಪಾಪ ತೊಳೆದುಹೋಗುತ್ತಾ? ಹಾಗಾದರೆ ಕೊಲೆ ಮಾಡಿದ ಟ್ರಿಲ್ ಪ್ರತಿಯೊಬ್ಬನೂ ಸತ್ತು ತಪ್ಪಿಸಿಕೊಳ್ಳಲಿ ಬಿಡಿ! ಜಾಡ್ಜಿಯಾ ತಾನೇ ಸಾಕ್ಷಿ ನುಡಿಯುತ್ತಾಳೆ. ಡ್ಯಾಕ್ಸ್ ಬರುವ ಮುಂಚೆಯೇ ನಾಲ್ಕು ಶಾಸ್ತ್ರಗಳಲ್ಲಿ ಪದವಿ ಪಡೆದವಳು, ಕಠಿಣ ಪರೀಕ್ಷೆ ಗೆದ್ದು ಆಯ್ಕೆಯಾದವಳು. ಅದು ಕರ್ಜನ್‌ನದ್ದಲ್ಲ, ಅವಳ ಸ್ವಂತದ ಸಂಪಾದನೆ.

ಇಷ್ಟೆಲ್ಲ ಸರಿ. ಆದರೆ ಒಂದು ಮಾತು ಮಾತ್ರ ಅವಳು ಬಾಯಿ ಬಿಟ್ಟು ಹೇಳೋದಿಲ್ಲ: ಕರ್ಜನ್ ಆ ಕೊಲೆ ಮಾಡಿದನೋ ಇಲ್ಲವೋ? ಸಿಸ್ಕೋ ಬೈದರೂ ಇಲ್ಲ, ಗೋಗರೆದರೂ ಇಲ್ಲ. ನೇಣಿನ ಹಗ್ಗ ತಲೆ ಮೇಲೆ ತೂಗುತ್ತಿದೆ, ಹುಡುಗಿ ಮೌನ!

ಕೊನೆಗೆ ಬಾಗಿಲು ತಳ್ಳಿಕೊಂಡು ಸಾಕ್ಷಿ ಬಂದೇ ಬಂತು. ಸತ್ತ ಜನರಲ್‌ನ ಹೆಂಡತಿ, ಆಪಾದಿಸಿದವನ ಹೆತ್ತ ತಾಯಿ, ಎನಿನಾ. (ಫಿಯೊನೂಲಾ ಫ್ಲಾನಗನ್ ಎಂಬ ಐರಿಷ್ ನಟಿ. ಐದೇ ನಿಮಿಷದ ಪಾತ್ರದಲ್ಲಿ ಎಲ್ಲರನ್ನೂ ನುಂಗಿ ನೀರು ಕುಡಿಯುತ್ತಾಳೆ.) ಸಂದೇಶ ಹೋದ ಹೊತ್ತಿನಲ್ಲಿ ಕರ್ಜನ್ ಅಲ್ಲಿರಲಿಲ್ಲ, ನನ್ನ ಹಾಸಿಗೆಯಲ್ಲಿದ್ದ ಅಂತ ಮಗನ ಎದುರಿಗೇ ಹೇಳಿಬಿಡುತ್ತಾಳೆ ಮಹಾತಾಯಿ! ಕೇಸು ಬಿದ್ದುಹೋಯಿತು. ಆಮೇಲೆ ಇಬ್ಬರೇ ಇರುವಾಗ ಇನ್ನೊಂದು ಬಾಂಬು. ಬಂಡುಕೋರರಿಗೆ ಸಂದೇಶ ಕಳಿಸಿದ್ದು ಸ್ವತಃ ಜನರಲ್! ತನ್ನವರಿಗೇ ದ್ರೋಹ ಬಗೆಯಲು ಹೋದ, ಬಂಡುಕೋರರು ಅವನನ್ನೇ ಕೊಂದರು. ಇದು ಗೊತ್ತಿದ್ದದ್ದು ಎನಿನಾಗೆ ಮತ್ತು ಕರ್ಜನ್‌ಗೆ. ಒಂದು ಲೋಕದ ವೀರನ ಹೆಸರು ಕೆಡಬಾರದೆಂದು ಕರ್ಜನ್ ಸಾಯೋವರೆಗೆ ಬಾಯಿ ಬಿಡಲಿಲ್ಲ. ಆ ಗುಟ್ಟನ್ನೇ ಈ ಹುಡುಗಿಯೂ ಕಾದದ್ದು.

ಎಲ್ಲ ಮುಗಿಯಿತಲ್ಲ, ಹಾಗಾದರೆ ಅಜ್ಜಿ ಜಡ್ಜಿನ ತೀರ್ಪು? ಇವಳು ಅವನೇ ಹೌದೋ ಅಲ್ಲವೋ?

ತೀರ್ಪೇ ಬರಲಿಲ್ಲ ಸ್ವಾಮಿ! ಕರ್ಜನ್ ತಪ್ಪೇ ಮಾಡಿಲ್ಲ ಅಂದಮೇಲೆ ಜಾಡ್ಜಿಯಾ ಅವನಾದರೇನು ಬಿಟ್ಟರೇನು, ಫೈಲು ಕ್ಲೋಸ್. ಇದೇ ಬಳಗದ ಇನ್ನೊಂದು ಧಾರಾವಾಹಿಯಲ್ಲಿ, ೧೯೮೯ರ 'ದಿ ಮೆಷರ್ ಆಫ್ ಎ ಮ್ಯಾನ್' ಕಂತಿನಲ್ಲಿ, ಡೇಟಾ ಎಂಬ ಯಂತ್ರಮಾನವ ಸರ್ಕಾರದ ಸಾಮಾನೋ, ತನ್ನಿಚ್ಛೆಯಂತೆ ಬದುಕುವ ಹಕ್ಕಿರುವ ಜೀವಿಯೋ ಅಂತ ವಿಚಾರಣೆ ನಡೆಯುತ್ತೆ. ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಹಿಂದೆ ವಕೀಲೆಯಾಗಿದ್ದವರು. ಅಲ್ಲಿ ಜಡ್ಜಮ್ಮ ಸ್ಪಷ್ಟವಾಗಿ ತೀರ್ಪು ಕೊಡುತ್ತಾಳೆ, ಸಾಮಾನಲ್ಲ ಅಂತ. ನೋಡಿದವನು ಸಮಾಧಾನವಾಗಿ ಮಲಗಬಹುದು. 'ಡ್ಯಾಕ್ಸ್' ನೋಡಿದವನಿಗೆ ಆ ಭಾಗ್ಯವಿಲ್ಲ. ಜಡ್ಜ್ ಎದ್ದು ಹೋದ ಕುರ್ಚಿಯಲ್ಲಿ ನೋಡಿದವರೇ ಕೂರಬೇಕು. ನಮ್ಮ ಮನೆಯಲ್ಲಿ ಆದದ್ದೂ ಅದೇ.

೨೦೨೦ರ ಮೇ ತಿಂಗಳು. ಲಾಕ್‌ಡೌನ್. ತಿಪಟೂರಿನಲ್ಲಿ ನಾನಿರುವುದು ಅಕ್ಕನ ಮನೆಯ ಮಹಡಿ ರೂಮಿನಲ್ಲಿ. ಥಿಯೇಟರುಗಳಿಗೆ ಬೀಗ. ನನ್ನಂಥವನಿಗೆ ಅದು ಅನ್ನ ನಿಲ್ಲಿಸಿದ ಹಾಗೆ! ಅಕ್ಕನ ಮಗ ಬೆಂಗಳೂರಿನ ಹಾಸ್ಟೆಲಿನಿಂದ ಒಂದು ಹಾರ್ಡ್ ಡಿಸ್ಕ್ ತಂದಿದ್ದ, ಅದರ ತುಂಬ ಇಂಥವೇ ಧಾರಾವಾಹಿ. ಸಂಜೆಯಾದರೆ ಅದನ್ನು ಟೀವಿಗೆ ಸಿಕ್ಕಿಸೋದು, ಅವನು ಕನ್ನಡದಲ್ಲಿ ಕಾಮೆಂಟರಿ ಹೇಳೋದು, ನಾವು ನೋಡೋದು. ನಾವು ಅಂದರೆ ನಾನು, ಅಕ್ಕ, ಭಾವ. ಪಕ್ಕದ ಮನೆಯಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿರುವ ನನ್ನ ಗೆಳೆಯನೂ ಮಾಸ್ಕ್ ಹಾಕಿಕೊಂಡು ಕಾಂಪೌಂಡ್ ಹಾರಿ ಬರುತ್ತಿದ್ದ.

ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಭಾವ ಲಾರಿ ಮೆಕ್ಯಾನಿಕ್. ಕೈಗುಣ ಚೆನ್ನ. ಆದರೆ ಹನ್ನೊಂದು ವರ್ಷ ಕುಡಿದರು. ಕುಡಿದರು ಅಂದರೆ ಹಾಗಲ್ಲ ಹೀಗಲ್ಲ... ನನ್ನ ತಾಯಿ ಅಕ್ಕನಿಗೆ ಹಾಕಿದ್ದ ಎರಡೆಳೆ ಅವಲಕ್ಕಿ ಸರ ಗಿರವಿ ಅಂಗಡಿ ಸೇರಿ ಹರಾಜೂ ಆಗಿಹೋಯಿತು. ೨೦೧೧ರಲ್ಲಿ ಒಂದು ದಿನ ಬಿಟ್ಟರು, ಬಿಟ್ಟೇ ಬಿಟ್ಟರು. ಐದು ವರ್ಷ ದುಡ್ಡು ಕೂಡಿಸಿ ಅದೇ ನಮೂನೆಯ ಸರ ಮಾಡಿಸಿದರು. ಅಕ್ಕ ಹಾಕಿಕೊಂಡಳು. ಮಗ ಮಾತ್ರ ಒಪ್ಪಲಿಲ್ಲ. 'ಅದು ಅಜ್ಜಿ ಸರ ಅಲ್ಲ' ಅಂದುಬಿಟ್ಟ ಒಂದು ಸಲ. ಅಪ್ಪನ ಜೊತೆ ಅವನು ನೇರ ಮಾತಾಡುತ್ತಿದ್ದದ್ದೇ ಕಡಿಮೆ. ಹೇಳಬೇಕಾದ್ದನ್ನು ಅಮ್ಮನ ಮೂಲಕ ಹೇಳಿಸೋದು, 'ಅವರಿಗೆ ಹೇಳು' ಅಂತ. ಆ ವರ್ಷ ಮೇ ೪ಕ್ಕೆ ರಾಜ್ಯದಲ್ಲಿ ಮದ್ಯದಂಗಡಿ ಮತ್ತೆ ತೆರೆದದ್ದು, ಉದ್ದುದ್ದ ಕ್ಯೂ ನಿಂತದ್ದು ನಿಮಗೆಲ್ಲ ನೆನಪಿರಬೇಕು. ಆ ವಾರ ಭಾವ ಹಾಲು ತರಲು ಹೋಗಿ ಹತ್ತು ನಿಮಿಷ ತಡವಾದರೂ ಹುಡುಗ ಕಿಟಕಿ ಹತ್ತಿರ ನಿಲ್ಲುತ್ತಿದ್ದ. ಭಾವನಿಗೆ ಅದು ಕಾಣುತ್ತಿರಲಿಲ್ಲ ಅಂತೀರಾ?

ಅದೇ ವಾರ 'ಡ್ಯಾಕ್ಸ್' ಹಾಕಿದ್ದು. ಬೇಕೆಂದು ಹಾಕಿದ್ದಲ್ಲ, ಸರದಿಯಲ್ಲಿ ಅದೇ ಬಂತು.

ವಿಚಾರಣೆ ಶುರುವಾದ ಕೂಡಲೇ ಗುಮಾಸ್ತ ಗೆಳೆಯನಿಗೆ ಖುಷಿಯೋ ಖುಷಿ. ಒಪ್ಪಂದವಿಲ್ಲ ಅನ್ನೋ ಪಾಯಿಂಟಿಗೆ ತೊಡೆ ತಟ್ಟಿದ. ನಡುವೆ ನಮಗೆಲ್ಲ ಕಾನೂನಿನ ಪಾಠ ಬೇರೆ! ಅಪ್ಪನ ಸಾಲ ತೀರಿಸೋದು ಮಗನ ಧರ್ಮ ಅಂತ ಹಿಂದೂ ಕಾನೂನಿನಲ್ಲೇ ಇತ್ತಂತೆ. ಮಗ, ಮೊಮ್ಮಗ, ಮರಿಮಗನವರೆಗೂ ಎಳೆಯಬಹುದಿತ್ತು. ೨೦೦೫ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದಮೇಲೆ ಮಾಡಿದ ಸಾಲಗಳಿಗೆ ಬರೀ ಆ ಧರ್ಮದ ಹೆಸರಿನಲ್ಲಿ ಕೋರ್ಟು ಮಗನನ್ನು ಹಿಡಿಯೋ ಹಾಗಿಲ್ಲ. "ಸಾಲಕ್ಕೇ ಇಲ್ಲ ಅಂದಮೇಲೆ ಕೊಲೆಗೆ ಎಲ್ಲಿ ಬಂತು? ಹುಡುಗಿ ಖುಲಾಸೆ!" ಅಂದ.

"ಅವಳು ಮಗಳಲ್ಲವಲ್ಲಪ್ಪಾ," ಅಂದರು ಭಾವ. "ಒಳಗಿರೋದು ಅವನೇ ಅಂತಾರಲ್ಲ."

ಹುಡುಗನಿಗೆ ರೇಗಿತು. ಅವನು ಜಾಡ್ಜಿಯಾ ಅಭಿಮಾನಿ, ಹಾಸ್ಟೆಲ್ ರೂಮಿನ ಗೋಡೆಯಲ್ಲಿ ಅವಳ ಫೋಟೋ ಇದೆ. "ಅವನೇ ಹೇಗಾಗ್ತಾಳೆ? ಅವಳು ಬೇರೆ, ಅವನು ಬೇರೆ. ಅವನ ನೆನಪು ಅವಳ ಹತ್ರ ಇದೆ, ಅಷ್ಟೆ. ಯಾರೋ ಮಾಡಿದ್ದಕ್ಕೆ ಇವಳು ಯಾಕೆ ಸಾಯಬೇಕು? ಮನುಷ್ಯ ಬದಲಾದ್ಮೇಲೆ ಹಳೇದನ್ನ ಹಿಡ್ಕೊಂಡು ಜಗ್ಗೋದು ಅನ್ಯಾಯ!"

ಭಾವ ಟೀವಿ ನೋಡುತ್ತಲೇ ಕೇಳಿದರು, ದನಿ ಎತ್ತರಿಸದೆ. "ಹಂಗಾದ್ರೆ ನಿಮ್ಮಮ್ಮನ ಸರ ಅಡ ಇಟ್ಟೋನು ಯಾರೋ?"

ಅಬ್ಬಾ! ಟೀವಿಯಲ್ಲಿ ಟಾಂಡ್ರೊ ಒಬ್ಬನೇ ಮಾತಾಡುತ್ತಿದ್ದ. ಗುಮಾಸ್ತ ನನ್ನ ಮುಖ ನೋಡಿದ, ನಾನು ಸೀಲಿಂಗ್ ಫ್ಯಾನು ನೋಡಿದೆ. ಇಡೀ ಜಗತ್ತಿನಲ್ಲಿ ಆ ಹುಡುಗನಷ್ಟು ಕಟುವಾಗಿ ಆ ಮನುಷ್ಯನ ಮೇಲೆ ವಾದ ಮಾಡಬಲ್ಲವರು ಯಾರೂ ಇರಲಿಲ್ಲ. ಆದರೆ ಅವನೀಗ ಎದುರು ಪಕ್ಷದ ವಕೀಲ! ಭಾವನೇ ಮುಂದುವರಿಸಿದರು. "ಅವಾಗಿದ್ದೋನು ಬೇರೆ ಮನುಷ್ಯ ಅಂದ್ಬಿಟ್ರೆ ನಂಗೂ ಸುಲಭ. ಆಗಲ್ಲ ಕಣೋ. ಇದೇ ಕೈ. ನೆನಪಿದೆ ನಂಗೆ, ಅಂಗಡಿಯೋನು ತಕ್ಕಡೀಲಿ ಇಟ್ಟಿದ್ದೂ ನೆನಪಿದೆ. ನೆನಪಿರೋವರೆಗೂ ಅವಳೇ ಅವನು."

ಹುಡುಗ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು, "ನೀವು ಕುಡಿಯೋದು ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ ಅಪ್ಪಾ," ಅಂದ. ಅಪ್ಪಾ ಅಂತ ಅವನ ಬಾಯಲ್ಲಿ ನಾನು ಕೇಳಿ ಎಷ್ಟು ಕಾಲವಾಗಿತ್ತೋ!

ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದಳು. ಅವಳಿಗೆ ಒಳಗಿನ ಜೀವ, ಹೊರಗಿನ ಮೈ ಅನ್ನೋ ಲೆಕ್ಕ ಹುಡುಗ ಎರಡು ಸಲ ಹೇಳಿದ್ದ. ಅವಳು ತನ್ನ ಲೆಕ್ಕಕ್ಕೆ ಇಳಿಸಿಕೊಂಡಿದ್ದಳು. "ಹೆಪ್ಪು ಇದ್ದ ಹಾಗೆ ಕಣೋ ಅದು. ನಿನ್ನೆ ಮೊಸರು ಒಂದು ಚಮಚ ಇವತ್ತಿನ ಹಾಲಿಗೆ. ನಾಳೆಗೆ ಇದರದ್ದೇ ಒಂದು ಚಮಚ. ನಮ್ಮತ್ತೆ ಕಾಲದ ಹೆಪ್ಪು ಇನ್ನೂ ನಮ್ಮನೇಲಿದೆ. ಹಾಗಂತ ಇವತ್ತಿನ ಮೊಸರನ್ನ ಅತ್ತೆ ಕಾಲದ ಮೊಸರು ಅಂತೀವಾ? ನಿನ್ನೇದು ಹುಳಿ ಅಂತ ಇವತ್ತಿನ ಪಾತ್ರೆ ಚೆಲ್ತೀವಾ? ರುಚಿ ನೋಡಬೇಕಪ್ಪ ಮೊದಲು!" ಇಷ್ಟು ಹೇಳಿ, "ಹಾಕೋ ಮುಂದಕ್ಕೆ, ಆ ಚುಕ್ಕೆ ಹುಡುಗಿ ಏನಾದ್ಲು ನೋಡೋಣ," ಅಂತ ಕೂತಳು.

ನಿಮ್ಮಲ್ಲಿ ಬುದ್ಧಿವಂತರು ಹೇಳಬಹುದು, ಇದರಲ್ಲೇನು ಹೊಸದು, ನಮ್ಮ ಬೇತಾಳ ವಿಕ್ರಮನನ್ನು ಇದನ್ನೇ ಕೇಳಿರಲಿಲ್ಲವೇ ಅಂತ. ಕೇಳಿತ್ತು. ತಲೆ ಅದಲು ಬದಲಾದ ಇಬ್ಬರಲ್ಲಿ ಗಂಡ ಯಾರು? ತಲೆ ಯಾರದ್ದೋ ಅವನೇ ಅಂತ ವಿಕ್ರಮ ಫಟ್ಟನೆ ಉತ್ತರ ಕೊಟ್ಟ. ಗಿರೀಶ ಕಾರ್ನಾಡರು ಆ ಉತ್ತರ ಒಪ್ಪಲಿಲ್ಲ. 'ಹಯವದನ'ದಲ್ಲಿ ಋಷಿಯೂ ತಲೆಯ ಕಡೆಗೇ ತೀರ್ಪು ಕೊಡುತ್ತಾನೆ, ಆದರೆ ಕತೆ ಅಲ್ಲಿಗೆ ಮುಗಿಯೋದಿಲ್ಲ. ಕಪಿಲನ ಮೈ ಪದ್ಮಿನಿಯನ್ನು ಮರೆತಿರೋದಿಲ್ಲ. 'ಡ್ಯಾಕ್ಸ್' ಕಂತು ಅದಕ್ಕಿಂತ ಒಂದು ಹೆಜ್ಜೆ ಪಕ್ಕಕ್ಕೆ ಹೋಗುತ್ತೆ. ಗಂಡ ಯಾರು, ಹೆಂಡತಿ ಯಾರಿಗೆ ಅನ್ನೋದು ಸುಖದ ಪ್ರಶ್ನೆ. ಇಲ್ಲಿರೋದು ಸಾಲದ ಪ್ರಶ್ನೆ.

ನನ್ನ ಓಟು ಯಾರಿಗೆ ಅಂತೀರಾ? ನಾನು ಸಿಸ್ಕೋ ಪಾರ್ಟಿಯೂ ಅಲ್ಲ, ಟಾಂಡ್ರೊ ಪಾರ್ಟಿಯೂ ಅಲ್ಲ. ನಾನು ನೋಡಿದ್ದು ಆ ಹುಡುಗಿಯ ಮೌನವನ್ನು. ಅವಳ ಪರ ವಕೀಲರೆಲ್ಲ ಇವಳು ಕರ್ಜನ್ ಅಲ್ಲ, ಅಲ್ಲ ಅಂತ ಗಂಟಲು ಹರಿದುಕೊಳ್ಳುತ್ತಿದ್ದರೆ, ಅವಳು ಕರ್ಜನ್ ಕೊಟ್ಟ ಮಾತಿಗಾಗಿ ಸಾಯಲು ಸಿದ್ಧವಾಗಿ ಕೂತಿದ್ದಾಳೆ! ಬೇರೆಯವಳೇ ಆಗಿದ್ದರೆ ಅವನ ಗುಟ್ಟು ಇವಳಿಗೇಕೆ? ನಿಮ್ಮ ಜನರಲ್ಲೇ ದ್ರೋಹಿ, ತಗೊಳ್ಳಿ, ಅಂತ ಹೇಳಿ ಎದ್ದು ಬರಬಹುದಿತ್ತು. ಬರಲಿಲ್ಲ. ಮುಂದಿನ ವರ್ಷ, ೧೯೯೪ರ 'ಬ್ಲಡ್ ಓತ್' ಕಂತಿನಲ್ಲೂ ಅಷ್ಟೆ. ಕರ್ಜನ್ ಜೊತೆ ಸೇಡಿನ ಪ್ರತಿಜ್ಞೆ ಮಾಡಿದ್ದ ಮೂವರು ಮುದಿ ಕ್ಲಿಂಗಾನ್ ಯೋಧರು ಬರುತ್ತಾರೆ. ನೀನು ಕರ್ಜನ್ ಅಲ್ಲವಲ್ಲಮ್ಮಾ, ನಿನಗೆ ಈ ಪ್ರತಿಜ್ಞೆಯ ಹಂಗಿಲ್ಲ ಅಂತ ಅವರ ಕಡೆಯಿಂದಲೇ ಮಾತು ಬರುತ್ತೆ. ಇವಳು ಹಟ ಮಾಡಿ ಜೊತೆಗೆ ಹೊರಡುತ್ತಾಳೆ. ಬೇರೆಯವರು ಬಂದು ಹೊರಿಸಿದರೆ ಅದು ಟಾಂಡ್ರೊನ ವಾರಂಟು. ಅವಳು ತಾನಾಗಿ ಹೆಗಲು ಕೊಟ್ಟರೆ? ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ ಅಂತ ಗುಮಾಸ್ತನೇ ಒಪ್ಪಿಕೊಂಡ. ಐದು ವರ್ಷ ದುಡ್ಡು ಕೂಡಿಸಿ ಸರ ಮಾಡಿಸಿದ್ದು ಯಾವ ಕೋರ್ಟಿನ ಆರ್ಡರ್ ಮೇಲೆ ಹೇಳಿ!

ಕತೆಯ ಕೊನೆಗೆ ಎನಿನಾ ಸತ್ಯ ಹೇಳುವ ದೃಶ್ಯ ಬಂದಾಗ ನಾವು ಗಂಡಸರೆಲ್ಲ 'ಓ ಹಂಗಾ ವಿಷ್ಯ!' ಅಂತ ಹಾಸಿಗೆಯ ಸುದ್ದಿಗೆ ಬಾಯಿ ಬಿಟ್ಟುಕೊಂಡು ಕೂತೆವು. ಅಕ್ಕ ನೋಡಿದ್ದೇ ಬೇರೆ. ಗಂಡ ಎಂಥವನು ಅಂತ ಗೊತ್ತಿದ್ದೂ ಮೂವತ್ತು ವರ್ಷ ಊರಿನ ಎದುರು ವೀರನ ಹೆಂಡತಿಯಾಗಿ ಕೈ ಮುಗಿಸಿಕೊಂಡವಳು ಎನಿನಾ. ಭಾವ ಕುಡಿದು ಬಿದ್ದ ರಾತ್ರಿಗಳಲ್ಲಿ ಅಕ್ಕ ನೆಂಟರಿಗೆ ಹೇಳುತ್ತಿದ್ದದ್ದು, 'ಹೈವೇಲಿ ಲಾರಿ ಕೆಟ್ಟಿದೆ, ರಿಪೇರಿಗೆ ಹೋಗವ್ರೆ' ಅಂತ. ನನಗೂ ಹಾಗೇ ಹೇಳಿದ್ದಳು ಬಹಳ ದಿನ. ಆ ದೃಶ್ಯ ನೋಡುತ್ತ, "ಪಾಪ, ಆಯಮ್ಮ ಈಗ ನಿದ್ದೆ ಮಾಡ್ತಾಳೆ," ಅಂದಳು. ಬೇರೇನೂ ಹೇಳಲಿಲ್ಲ. ಎನಿನಾ ಜಾಡ್ಜಿಯಾಗೆ, ಚೆನ್ನಾಗಿ ಬಾಳು, ಹೊಸದಾಗಿ ಬಾಳು ಅಂತ ಹರಸಿ ಹೋಗುತ್ತಾಳೆ. ಅಷ್ಟು ಹೊತ್ತಿಗೆ ಭಾವ ಎದ್ದು ಕೈ ತೊಳೆಯಲು ಹೋಗಿದ್ದರು, ಅವರು ಅದನ್ನು ನೋಡಲಿಲ್ಲ.

ಒಂದು ಕಂತಿಗೆ ಎಲ್ಲ ಸರಿಹೋಯಿತು ಅಂತ ಫಿಲ್ಮಿ ಕತೆ ಕಟ್ಟಲು ನಾನು ತಯಾರಿಲ್ಲ. ಮಾರನೇ ದಿನವೂ ಹುಡುಗ ಕಿಟಕಿ ಹತ್ತಿರ ನಿಂತಿದ್ದ.

ಆದರೆ ಜಗಳ ಮಾತ್ರ ಶುರುವಾಯಿತು ನೋಡಿ, ಮಾತಾಡದೆ ಇರೋದಕ್ಕಿಂತ ಅದು ಎಷ್ಟೋ ವಾಸಿ! ದಿನಕ್ಕೆ ಎರಡು, ಮೂರು ಕಂತಿನ ಲೆಕ್ಕದಲ್ಲಿ ಆರನೇ ಸೀಸನ್ ಮುಗಿಯಿತು. ಅಲ್ಲಿ, ೧೯೯೮ರಲ್ಲಿ, ಟೆರ್ರಿ ಫ್ಯಾರೆಲ್ ಧಾರಾವಾಹಿ ಬಿಟ್ಟರು, ಜಾಡ್ಜಿಯಾಳನ್ನು ಸಾಯಿಸಿಬಿಟ್ಟರು. ನಮ್ಮಲ್ಲಾದರೆ ನಾಯಕಿ ಬಿಟ್ಟು ಹೋದರೆ ಹೊಸ ನಟಿಯನ್ನು ಅದೇ ಸೀರೆ ಉಡಿಸಿ ತಂದು ನಿಲ್ಲಿಸುತ್ತಾರೆ. ಇಲ್ಲಿ ಕತೆಯಲ್ಲೇ ದಾರಿ ಇತ್ತಲ್ಲ! ಡ್ಯಾಕ್ಸ್ ಜೀವ ಎಜ್ರಿ ಎಂಬ ಇನ್ನೊಬ್ಬ ಹುಡುಗಿಗೆ ಹೋಯಿತು. ನಟಿ ನಿಕೋಲ್ ಡಿ ಬೋರ್, ಗಿಡ್ಡ ಕೂದಲು, ಕುಳ್ಳಗೆ, ಮುಗ್ಧ ಮುಖ. ಜಾಡ್ಜಿಯಾಳನ್ನು ಮದುವೆಯಾಗಿದ್ದ ವೋರ್ಫ್ ಎಂಬ ದೈತ್ಯ ಇವಳ ಮುಖ ನೋಡಲಾರದೆ ಒದ್ದಾಡುತ್ತಾನೆ. ಹೋದ ಜನ್ಮದ ಗಂಡ ಹೆಂಡಿರು ಈ ಜನ್ಮದಲ್ಲಿ ಮತ್ತೆ ಕೂಡಬಾರದು ಅಂತ ಟ್ರಿಲ್ ಜನಾಂಗದಲ್ಲೇ ಕಟ್ಟುನಿಟ್ಟಿದೆ. ೧೯೯೫ರ 'ರಿಜಾಯಿನ್ಡ್' ಕಂತು ಪೂರ್ತಿ ಅದರ ಮೇಲೇ.

ಹುಡುಗ ಎಜ್ರಿಯನ್ನು ಒಪ್ಪಲೇ ಇಲ್ಲ. ಜಾಡ್ಜಿಯಾ ಸತ್ತಳು, ಇವಳು ಬೇರೆ ಯಾರೋ ಅಂತ ಕೂತ. ಅವನ ವಾದದ ಪ್ರಕಾರ ಅದು ಸರಿಯೇ! ಭಾವನಿಗೆ ಅವಳು ಮೊದಲ ದಿನದಿಂದಲೇ ಹಿಡಿಸಿದಳು. "ಅವಳೇ ಕಣೋ ಇವಳು, ಸ್ವಲ್ಪ ಹೆದರ್ಕೊಂಡವಳೆ ಅಷ್ಟೆ," ಅನ್ನುತ್ತಿದ್ದರು. ಏಳನೇ ಸೀಸನ್ ಅರ್ಧದಲ್ಲಿರುವಾಗ ಕಾಲೇಜು ತೆರೆಯಿತು. ಹೋಗುವಾಗ ಹುಡುಗ ಹಾರ್ಡ್ ಡಿಸ್ಕ್ ಮನೆಯಲ್ಲೇ ಬಿಟ್ಟು, ಹೇಗೆ ಸಿಕ್ಕಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಟೀವಿ ಪಕ್ಕ ಅಂಟಿಸಿದ.

ಈಗ ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಭಾವ ಗ್ಯಾರೇಜಿನಿಂದ ಬಂದು, ಕೈಯ ಗ್ರೀಸು ಒರೆಸಿಕೊಂಡು, ಆ ಧಾರಾವಾಹಿಯನ್ನು ಮೊದಲಿನಿಂದ ಎರಡನೇ ಸಲ ನೋಡುತ್ತಿದ್ದಾರೆ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅವರಿಗೆ ಅಷ್ಟು ವೇಗಕ್ಕೆ ಓದಲು ಬರೋದಿಲ್ಲ. ಹಾಗಾಗಿ ಅಲ್ಲಲ್ಲಿ ನಿಲ್ಲಿಸಿ ಮಗನಿಗೆ ಫೋನ್ ಹಚ್ಚುತ್ತಾರೆ. ನನ್ನ ಮಹಡಿ ರೂಮಿಗೆ ಕೇಳುವಷ್ಟು ಜೋರಾಗಿ, "ಲೋ, ಆ ಜಡ್ಜಮ್ಮ ಈಗ ಏನಂದ್ಳೋ?"